ಕೆಮ್ಮದ ಕ್ಯಾಮೆರಾ

ಕೊರೊನಾ ಗಲಾಟೆ ಮುಗಿದ ಮರುವರ್ಷ ನಾನು ಹುಮನಾಬಾದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಿಸ್ಟಂ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಪ್ರಿಂಟರಿನಲ್ಲಿ ಸಿಕ್ಕಿಹಾಕಿಕೊಂಡ ಕಾಗದ ಎಳೆಯುವುದರಿಂದ ಹಿಡಿದು ಸರ್ವರ್ ಕಾಯುವವರೆಗೆ ಎಲ್ಲವೂ ನನ್ನ ತಲೆಗೇ. ಬಸವಕಲ್ಯಾಣದಲ್ಲಿ ನಮ್ಮದೊಂದು ಚಿಕ್ಕ ಕ್ಲಿನಿಕ್ ಇತ್ತು. ಅಲ್ಲಿ ಡಾಕ್ಟರ್ ಇರುತ್ತಿರಲಿಲ್ಲ. ನರ್ಸ್ ಶಾಹೇದಾ ಬೇಗಂ ರೋಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತಿದ್ದರು, ಹುಮನಾಬಾದಿನಿಂದ ಡಾ. ಸುಜಾತಾ ವಿಡಿಯೊದಲ್ಲಿ ನೋಡಿ ಔಷಧ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಡಾ. ಸುಜಾತಾ ನೇರವಾಗಿ ನನ್ನ ಕೋಣೆಗೇ ಬಂದರು.

"ಕಲ್ಯಾಣದ ಕ್ಯಾಮೆರಾ ಕೆಟ್ಟದ. ಮಾತು ಕೇಳ್ತದ, ಪರದೆ ಮಾತ್ರ ಕಪ್ಪು."

ಅವರಿಗೆ ಕ್ಯಾಮೆರಾಕ್ಕಿಂತ ದೊಡ್ಡ ಚಿಂತೆ ಇತ್ತು. ಮಂಠಾಳದ ಜಗದೇವಿ ಎಂಬ ಬಾಣಂತಿಗೆ ಎದೆಯ ಮೇಲೆ ಬಾವು ಎದ್ದಿತ್ತು. ಮಾತ್ರೆಗೆ ಇಳಿಯುತ್ತದೋ, ಕೊಯ್ದು ಕೀವು ತೆಗೆಯಬೇಕೋ ಎಂಬುದನ್ನು ಕಣ್ಣಾರೆ ನೋಡದೆ ಹೇಳುವಂತಿರಲಿಲ್ಲ. ಒಮ್ಮೆ ಕ್ಲಿನಿಕ್ಕಿಗೆ ಬಂದವಳು ತೋರಿಸದೆಯೇ ಎದ್ದು ಹೋಗಿದ್ದಳು. ಜ್ವರದಲ್ಲಿ, ಎಳೆಗೂಸನ್ನು ಕಟ್ಟಿಕೊಂಡು ಹುಮನಾಬಾದಿನ ತನಕ ಬರಲು ಮನೆಯವರೂ ತಯಾರಿರಲಿಲ್ಲ.

"ತಡ ಆದಷ್ಟು ಆಕಿಗೇ ತ್ರಾಸ. ಜಲ್ದಿ ಹೋಗ್ರಿ," ಎಂದರು.

ಹೊಸ ಕ್ಯಾಮೆರಾ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಅದನ್ನು ಚೀಲದಿಂದ ತೆಗೆಯುವ ಪ್ರಸಂಗವೇ ಬರಲಿಲ್ಲ. ಕ್ಲಿನಿಕ್ಕಿನ ಕ್ಯಾಮೆರಾದ ಕಣ್ಣಿಗೆ ಗಾಯದ ಮೇಲೆ ಹಚ್ಚುವ ಬಿಳಿ ಪಟ್ಟಿಯನ್ನು ಬಿಗಿಯಾಗಿ ಅಂಟಿಸಲಾಗಿತ್ತು.

"ನಾನೇ ಹಚ್ಚೀನ್ರಿ," ಎಂದರು ಶಾಹೇದಾ, ನನಗೆ ಕೇಳುವ ಅವಕಾಶ ಕೊಡದೆ. "ಆ ಹುಡುಗಿ ಜಗದೇವಿ ಕುಪ್ಪಸದ ಗುಂಡಿ ಬಿಚ್ಚಾಕತ್ತಿದ್ಲು. ಕಾಲ್ ಬಂತು, ಕ್ಯಾಮೆರಾ ತಾನಾ ಚಾಲೂ ಆತು. ಪರದ್ಯಾಗ ನೋಡಿದ್ರ ಡಾಕ್ಟರ್ ಹಿಂದ ಚಾ ತಂದ ಗಂಡಸು ನಿಂತಿದ್ದ. ಆಕಿ ಸೆರಗು ಹೊಚ್ಚಿಕೊಂಡು ಎದ್ದು ಹೋದ್ಲು. ಇನ್ನ ಹ್ಯಾಂಗ ಬರ್ತಾಳ್ರಿ?"

ಇದರ ಮೂಲ ಎಲ್ಲಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ನಮ್ಮಲ್ಲಿದ್ದದ್ದು ಲಿನಕ್ಸ್ ಡೆಸ್ಕ್‌ಟಾಪ್. ಯಾವುದೇ ಆ್ಯಪ್ ಕ್ಯಾಮೆರಾ ಬಳಸುವ ಮೊದಲು ಪರದೆಯ ಮೇಲೆ ಒಂದು ಪಾಪ್-ಅಪ್ ಎದ್ದು, ಅನುಮತಿ ಕೊಡುತ್ತೀರಾ ಎಂದು ಕೇಳುವಂತೆ ಅದನ್ನು ಹೊಂದಿಸಲಾಗಿತ್ತು. ಆದರೆ ಅಲ್ಲಿನ ನೆಟ್‌ವರ್ಕ್ ಮಾತುಮಾತಿಗೆ ಕೈಕೊಡುತ್ತಿತ್ತು. ಕಾಲ್ ಕಡಿದು ಮತ್ತೆ ಸೇರಿದಾಗಲೆಲ್ಲ ಅದೇ ಪ್ರಶ್ನೆ. ಡ್ರೆಸ್ಸಿಂಗ್ ಮಾಡುತ್ತಿರುವ ನರ್ಸ್ ಗ್ಲೌಸ್ ಬಿಚ್ಚಿ ಮೌಸ್ ಹಿಡಿಯಬೇಕು, ಮತ್ತೆ ಹೊಸ ಗ್ಲೌಸ್ ತೊಡಬೇಕು. ಇದರಿಂದ ರೋಸಿಹೋಗಿ, ನನಗಿಂತ ಮೊದಲಿದ್ದ ತಂತ್ರಜ್ಞ 'ಮತ್ತೆ ಕೇಳಬೇಡ' ಎಂಬ ಗುರುತು ಹಾಕಿ ಹೋಗಿದ್ದ. ಅಂದಿನಿಂದ ಕ್ಯಾಮೆರಾ ಯಾರನ್ನೂ ಕೇಳುತ್ತಿರಲಿಲ್ಲ.

ನಾನು ಗುರುತು ತೆಗೆದು, ಪಾಪ್-ಅಪ್ ಮತ್ತೆ ಬರುವಂತೆ ಮಾಡಿ, ಪಟ್ಟಿ ಕಿತ್ತು, ಬೀಗುತ್ತಾ ಹುಮನಾಬಾದಿಗೆ ಮರಳಿದೆ. ಬೀಗಿದ್ದು ಒಂದು ದಿನವೂ ಬಾಳಲಿಲ್ಲ. ಮರುದಿನ ಒಬ್ಬ ಮುದುಕರ ಕಾಲಿನ ಹುಣ್ಣು ತೊಳೆಯುವಾಗ ಕಾಲ್ ಕಡಿಯಿತು. ಶಾಹೇದಾ ಗ್ಲೌಸ್ ಹೊಲಸಾಗಬಾರದೆಂದು ಮೊಣಕೈಯಿಂದ ಕೀಬೋರ್ಡ್ ಒತ್ತಿದರು. ಅದು 'ಬೇಡ' ಎಂಬುದಕ್ಕೆ ಬಿತ್ತು. ಡಾಕ್ಟರ್ ಕಪ್ಪು ಪರದೆಯನ್ನೇ ನೋಡುತ್ತಾ ಕೂತು ನನಗೆ ಫೋನ್ ಮಾಡಿದರು.

"ಸರ್, ನಿಮ್ಮ ಪಾಪ್-ಅಪ್ ತಗೀರಿ, ಇಲ್ಲಾಂದ್ರ ನನ್ನ ತಗೀರಿ."

ಅತ್ತ ಶಾಹೇದಾ ಪಾಪ್-ಅಪ್ ತೆಗೆದರೆ ಪಟ್ಟಿ ಮತ್ತೆ ಹಚ್ಚುವುದಾಗಿ ಹೇಳಿ ಕೂತರು. ಇಬ್ಬರ ಮಾತೂ ನಿಜವಾಗಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಮತ್ತೆ ಬಸವಕಲ್ಯಾಣಕ್ಕೆ ಹೋದೆ. "ಒಂದು ಪ್ರಶ್ನೆ ಸಲುವಾಗಿ ಇಷ್ಟು ಹಟ ಯಾಕ್ರಿ?" ಎಂದು ಕೇಳಿಯೇಬಿಟ್ಟೆ.

"ಎಂಜಿನಿಯರ್ ಸಾಬ್, ನಮ್ಮ ಮನ್ಯಾಗ ಗಂಡಸರು ಒಳಗ ಬರೋ ಮುಂದ ಬಾಗಿಲದಾಗ ನಿಂತು ಕೆಮ್ಮತಾರ. ಜಗದೇವಿ ಮನ್ಯಾಗನೂ ಹಂಗ. ನಿಮ್ಮ ಕ್ಯಾಮೆರಾ ಕೆಮ್ಮಂಗಿಲ್ಲ, ಸೀದಾ ಒಳಗ ಬರ್ತದ."

ನಮ್ಮ ಮನೆಯಲ್ಲೂ ಅಪ್ಪ ಹೀಗೆಯೇ ಕೆಮ್ಮುತ್ತಿದ್ದರು. ಹೊಸ್ತಿಲಲ್ಲಿ ಒಂದು ಸಲ, ಅಷ್ಟೇ. ಒಳಗೆ ಬಂದ ಮೇಲೆ ಹೆಜ್ಜೆಹೆಜ್ಜೆಗೂ ಕೆಮ್ಮಿದ್ದರೆ ಅವ್ವ ಕಷಾಯ ಕಾಸಲು ಓಡುತ್ತಿದ್ದಳು. ಬೇರೆ ಮನೆಗೆ ಹೋದರೆ ಅಲ್ಲಿ ಮತ್ತೊಂದು ಸಲ. ಇಷ್ಟು ಹೊಳೆದ ಮೇಲೆ ಕೆಲಸದ ದಾರಿ ಸಲೀಸಾಯಿತು. ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ಕಂಪ್ಯೂಟರ್ ಅನುಮತಿ ಕೇಳುತ್ತಿದ್ದದ್ದು ಕೀಬೋರ್ಡಿನ ಬಳಿ ಇದ್ದ ನರ್ಸನ್ನು. ಕ್ಯಾಮೆರಾದ ಎದುರು ಕೂತಿದ್ದವರು ಬೇರೆಯವರು.

ನಾನು ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ರೋಗಿಯ ಸರದಿಯ ಟೋಕನ್ ಕಂಪ್ಯೂಟರಿನಲ್ಲಿ ತೆರೆದಾಗ ಕ್ಯಾಮೆರಾ ಒಮ್ಮೆ ಅನುಮತಿ ಕೇಳುತ್ತದೆ. ಕಾಲ್ ಎಷ್ಟು ಸಲ ಕಡಿದು ಸೇರಿದರೂ ಆ ರೋಗಿಯ ಮಟ್ಟಿಗೆ ಮತ್ತೆ ಕೇಳುವುದಿಲ್ಲ. ಟೋಕನ್ ಮುಗಿದರೆ ಅನುಮತಿಯೂ ಮುಗಿಯಿತು. ಮುಂದಿನವರಿಗೆ ಮತ್ತೆ ಮೊದಲಿನಿಂದ. ಉತ್ತರ ಕೊಡಲು ಉದ್ದ ವೈರಿನ ಪುಟ್ಟ ಕೀಪ್ಯಾಡ್ ಜೋಡಿಸಿ, ಎರಡು ಗುಂಡಿ ಬಿಟ್ಟು ಉಳಿದವನ್ನೆಲ್ಲ ಕೆಲಸಕ್ಕೆ ಬಾರದಂತೆ ಮಾಡಿದೆ. ಒಂದರ ಮೇಲೆ ತೆರೆದ ಬಾಗಿಲಿನ ಸ್ಟಿಕ್ಕರ್, ಇನ್ನೊಂದರ ಮೇಲೆ ಮುಚ್ಚಿದ ಬಾಗಿಲಿನದು. ಕೀಪ್ಯಾಡ್ ಇರಬೇಕಾದ್ದು ರೋಗಿಯ ಕೈಯಲ್ಲಿ. ಡಾ. ಸುಜಾತಾ ತಮ್ಮ ಪಾಲಿಗೆ, ವಿಡಿಯೊ ನಡೆಯುವಾಗ ಕೋಣೆಯ ಚಿಲಕ ಹಾಕಿಕೊಳ್ಳಲು ಒಪ್ಪಿದರು. ಅಲ್ಲಿಗೆ ಚಹಾ ಹೊರಗೇ ಉಳಿಯಿತು.

ಇನ್ನು ಜಗದೇವಿ ಬರಬೇಕಿತ್ತು. ಶಾಹೇದಾ ನನ್ನ ಎದುರಿಗೇ ಫೋನ್ ಹಚ್ಚಿದರು.

"ಬಟನ್ ನಿನ್ನ ಕೈಯಾಗ ಇರ್ತದವ್ವ. ನೀ ಒತ್ತಿದ್ರ ಚಾಲೂ, ನೀ ಒತ್ತಿದ್ರ ಬಂದ್. ನಾನೂ ಮುಟ್ಟಂಗಿಲ್ಲ."

ಆ ಕಡೆಯಿಂದ ಜಗದೇವಿ ಅದನ್ನೇ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಕಡೆಗೆ, "ನಾಳಿಗಿ ಬರ್ತೀನಿ, ಆಪಾ," ಎಂದಳು, ಅಕ್ಕನಿಗೆ ಹೇಳುವಂತೆ.

ಮರುದಿನ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಜಗದೇವಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಡಾಕ್ಟರ್ ದನಿ ಕೇಳಿಸಿತು. ನಡುವೆ ಅದು ಕಡಿಯಿತು. ನೆಟ್‌ವರ್ಕ್ ತನ್ನ ಬುದ್ಧಿ ತೋರಿಸಿತ್ತು. ನಾನು ಬೆಂಚಿನಿಂದ ಅರ್ಧ ಎದ್ದೆ. ಸ್ವಲ್ಪ ಹೊತ್ತಿಗೆ ದನಿ ತಾನಾಗಿ ಸೇರಿಕೊಂಡಿತು. ಶಾಹೇದಾ ಗ್ಲೌಸ್ ಬಿಚ್ಚಬೇಕಾಗಲಿಲ್ಲ, ಯಾರೂ ನನ್ನನ್ನು ಕರೆಯಲಿಲ್ಲ.

ಆಮೇಲೆ ನನ್ನ ಫೋನ್ ಬಡಿಯಿತು. ಡಾ. ಸುಜಾತಾ.

"ಬಾವು ಪೂರಾ ನೋಡಿದೆ ಸರ್. ಕೀವು ತುಂಬ್ಯದ, ನಾಳೆನೇ ಕೊಯ್ಯಬೇಕು, ಹುಮನಾಬಾದಿಗಿ ಬಾ ಅಂತ ಹೇಳೀನಿ, ಒಪ್ಪಿದ್ಲು. ಆದ್ರ ಗಾಯ ಹ್ಯಾಂಗ ಕಾಯಬೇಕಂತ ಇನ್ನೂ ಹೇಳಾಕತ್ತಿದ್ದೆ, ಪರದೆ ಕಪ್ಪಾಗಿಬಿಡ್ತು. ಕ್ಯಾಮೆರಾ ಮತ್ತ ಕೆಟ್ಟದೇನು?"

ಅಷ್ಟರಲ್ಲಿ ಬಾಗಿಲು ಅರ್ಧ ತೆರೆದು ಶಾಹೇದಾ ಇಣುಕಿದರು. ಅವರ ಹಿಂದೆ ಜಗದೇವಿ ಕೀಪ್ಯಾಡ್ ಹಿಡಿದು, ಕುಪ್ಪಸದ ಗುಂಡಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು ನಿಂತಿದ್ದಳು. "ತೋರಿಸೋದು ಮುಗೀತಲ್ರಿ, ಬಂದ್ ಮಾಡ್ದೆ. ಮಾತು ಕೇಳ್ತದಲ್ಲ," ಎಂದಳು.

"ಕೆಟ್ಟಿಲ್ಲ ಮೇಡಂ," ಎಂದೆ ಫೋನಿನಲ್ಲಿ. "ಈಗ ರಿಪೇರಿ ಆಗ್ಯದ."

ಮರುದಿನವೇ ಜಗದೇವಿಯ ಬಾವು ಕೊಯ್ದರು. ಗಾಯ ಮಾಗಿದ ಮೇಲೆ ಆಕೆ ಕೂಸಿಗೆ ಎರಡೂ ಕಡೆ ಹಾಲೂಡಿಸುವಂತಾದಳು ಎಂದು ಶಾಹೇದಾ ಹೇಳಿದಾಗ ನಾನು ಹಿಗ್ಗಿದೆ, ಈಗಲೂ ಹಿಗ್ಗುತ್ತೇನೆ. ಅದಾದ ಮೇಲೆ ಮನ್ನಾಏಖೇಳ್ಳಿಯಲ್ಲೊಂದು ಕ್ಲಿನಿಕ್ ತೆರೆದಾಗ ಅಲ್ಲಿನವರೂ ಪಾಪ್-ಅಪ್ ಕಾಟ, ತೆಗೆದುಹಾಕಿ ಎಂದರು. ಕಾಟ ನಿಜ, ಪದೇಪದೇ ಬರುವುದನ್ನು ತಡೆಯುವ ಹಕ್ಕು ಬಳಸುವವರಿಗೆ ಇರಲೇಬೇಕು. ಆದರೆ ಆ ಕ್ಯಾಮೆರಾದ ಮುಂದೆ ಕೂರುವವರು ಯಾರು ಎಂದು ಮೊದಲು ಕೇಳಿಕೊಳ್ಳುವುದನ್ನು ಈ ಕೆಲಸ ನನಗೆ ಕಲಿಸಿತು.

ಬಸವಕಲ್ಯಾಣದ ಆ ಕೀಪ್ಯಾಡ್ ಈಗಲೂ ನಡೆಯುತ್ತಿದೆ. ಮುಚ್ಚಿದ ಬಾಗಿಲಿನ ಸ್ಟಿಕ್ಕರ್ ಬೆರಳು ತಾಗಿ ತಾಗಿ ಸವೆದುಹೋಗುತ್ತದೆ. ಹೊಸದು ಅಂಟಿಸಲು ನಾನೇ ಹೋಗುತ್ತೇನೆ; ಆ ಕೆಲಸವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ.