ದೊಡ್ಡತ್ತೆ ನೋಡಿಬಂದ ಪಿಚ್ಚರು

ಕಳೆದ ವಾರ ಮಗನಿಗೆ ನೆಗಡಿಯಾಗಿ ಶಾಲೆಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡಿದ್ದೆ. ಅವನ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಚ್ಚಲು ಸೀಸೆಯ ಮುಚ್ಚಳ ತಿರುಗಿಸಿದ್ದೇ ತಡ, ವಿಜಯನಗರದ ನಮ್ಮ ಮನೆಯ ಹಾಲಿನಲ್ಲಿ ಹಾಡುಹಗಲೇ ಕತ್ತಲು ಕವಿದು, ಎದುರಿಗೊಂದು ಬಿಳಿ ಪರದೆ ಬೆಳಗಿದಂತಾಯಿತು. ಬೇರೆಯವರಿಗೆ ಅದು ನೆಗಡಿಯ ವಾಸನೆ ಇರಬಹುದು. ನನ್ನ ಮಟ್ಟಿಗೆ ಸಿನಿಮಾದ ವಾಸನೆಯೇ ಅದು. ಪರದೆ ನೋಡಿದರೆ ದೊಡ್ಡತ್ತೆಗೆ ತಲೆ ಸಿಡಿಯುತ್ತಿತ್ತು. ಸೆರಗಿನ ತುದಿಗೆ ನಾಲ್ಕು ಹನಿ ಹಚ್ಚಿಕೊಂಡು, ಅದನ್ನು ಮೂಗಿಗೆ ಹಿಡಿದೇ ಕೊನೆಯವರೆಗೂ ಕೂರುತ್ತಿದ್ದಳು. ಆ ಸೆರಗಿನ ಪಕ್ಕದ ಸೀಟಿಗಾಗಿ ನಾವು ಮಕ್ಕಳು ಕಿತ್ತಾಡುತ್ತಿದ್ದೆವು.

ದೊಡ್ಡತ್ತೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಊರಿನ ಹೊಲ ಬಿಟ್ಟು ಇಬ್ಬರು ತಮ್ಮಂದಿರ ಜೊತೆ ಬನ್ನಿಮಂಟಪದ ಹಂಚಿನ ಮನೆಗೆ ಬಂದವಳು. ಅಪ್ಪನದು ಹೊಲಿಗೆ ಅಂಗಡಿ, ಚಿಕ್ಕಪ್ಪನದು ಆಟೋ ರಿಪೇರಿ. ಮನೆಯಲ್ಲಿ ಅಮ್ಮ, ಚಿಕ್ಕಮ್ಮ, ನಾನು, ಚಿಕ್ಕಪ್ಪನ ಮಗಳು ಕಾವ್ಯ. ದಸರೆ ಹತ್ತಿರವಾದಾಗ ಮೈದಾನದಲ್ಲಿ ಕುದುರೆಗಳ ತಾಲೀಮು ನಡೆದರೆ ನಮ್ಮ ಅಡುಗೆಮನೆಯ ಲೋಟಗಳು ಸಣ್ಣಗೆ ಗಲಗಲ ಎನ್ನುತ್ತಿದ್ದವು. ಹೊಸ ಸಿನಿಮಾ ಬಂದಾಗ ದೊಡ್ಡತ್ತೆ ಒಬ್ಬಳೇ ಮಧ್ಯಾಹ್ನದ ಆಟಕ್ಕೆ ಹೋಗಿ, ಮೊದಲು ತಾನು ನೋಡಿಕೊಂಡು ಬರುತ್ತಿದ್ದಳು. ಸಂಜೆ ಜಗಲಿಯ ಮೇಲೆ ಕೂತು ತೀರ್ಪು ಹೇಳುವಳು. ಬೀದಿಯ ಹೆಂಗಸರೂ ಬಂದು, "ಮಕ್ಕಳ್ನ ಕರ್ಕೊಂಡೋಗ್ಬೋದಾ ಅಕ್ಕ?" ಎಂದು ಕೇಳುತ್ತಿದ್ದರು. ಅವಳ ಲೆಕ್ಕದಲ್ಲಿ ವಯಸ್ಸಿಗೆ ಅಂಕಿಗಳಿರಲಿಲ್ಲ. "ಇದು ಎತ್ಕೊಂಡು ಓಡಾಡೋ ಮಕ್ಳಿಗೂ ಆಯ್ತದೆ. ಅದು ಹಾಲ್‌ಹಲ್ಲು ಬಿದ್ದ ಮೇಲೆ. ಇನ್ನೊಂದು ಮೀಸೆ ಬಂದ ಮೇಲೆ ನೋಡ್ಕೊಳ್ಲಿ ಬುಡು." ಹೊಡೆದಾಟಕ್ಕೆ ಅವಳು ಅಷ್ಟಾಗಿ ಹೆದರುತ್ತಿರಲಿಲ್ಲ. "ಮಕ್ಳು ಏಟು ಮರೀತವೆ ಕಣಮ್ಮ, ಅಳು ಮರಿಯಲ್ಲ," ಎನ್ನುತ್ತಿದ್ದಳು. ಬೇಡವೆಂದ ಸಿನಿಮಾಕ್ಕೆ ನಾವು ಹಟ ಹಿಡಿದರೆ, ರಾತ್ರಿ ಊಟದ ಹೊತ್ತಿಗೆ ಕೈತುತ್ತು ಹಾಕುತ್ತಾ ಅದರ ಕಥೆ ಹೇಳುವಳು. ಸತ್ತವರೆಲ್ಲ ಅವಳ ಕಥೆಯಲ್ಲಿ ಬದುಕಿ ಬಂದು ಊಟಕ್ಕೆ ಕೂರುತ್ತಿದ್ದರು.

ಕಾವ್ಯಳಿಗೆ ಐದು ತುಂಬಿದ ವರ್ಷ ಚಿಕ್ಕಮ್ಮ ಜ್ವರ ಬಂದು ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ. ಅವತ್ತು ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಎಲ್ಲ ಮುಗಿಸಿ, ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಅವಳನ್ನು ಕರೆತಂದ ಚಿಕ್ಕಪ್ಪ, "ಅಮ್ಮ ತವರಿಗೆ ಹೋಗವ್ಳೆ ಮಗ, ಬತ್ತಾಳೆ" ಎಂದುಬಿಟ್ಟ. ಒಳಗೆ ಬಂದು, ಯಾರೂ ಬಾಯಿ ಬಿಡಕೂಡದೆಂದು ನಮಗೆಲ್ಲ ತಾಕೀತು ಮಾಡಿ, ಅಕ್ಕನಿಂದ ಮಾತು ತೆಗೆದುಕೊಂಡ. ಚಿಕ್ಕಮ್ಮನ ಫೋಟೋ ಗೋಡೆಗೆ ಏರಲಿಲ್ಲ, ಅಪ್ಪನ ಟ್ರಂಕಿನೊಳಗೆ ಹೋಯಿತು. ತಿಥಿಯನ್ನು ಊರಿನಲ್ಲಿ, ಮಗುವಿಗೆ ಕಾಣದಂತೆ ಮಾಡಿದರು. ಸಂಜೆಯಾದರೆ ಕಾವ್ಯ, "ಅಮ್ಮ ಇವತ್ತು ಬರ್ತಾಳಾ?" ಎಂದು ಕೇಳುವಳು. ಯಾರೋ ಒಬ್ಬರು "ನಾಳೆ" ಎನ್ನುತ್ತಿದ್ದೆವು. ನನಗೂ ಆಗ ಹತ್ತೋ ಹನ್ನೊಂದೋ. ನಾಳೆ ಎಂಬ ಪದ ಬಾಯಿಗೆ ಬಂದರೆ ಇಂದಿಗೂ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ.

ದೊಡ್ಡತ್ತೆಯ ಕೆಲಸ ಕಷ್ಟವಾಯಿತು. ನೋಡಿದ ಸಿನಿಮಾದಲ್ಲೆಲ್ಲ ಯಾರದೋ ತಾಯಿ ಸಾಯುತ್ತಿದ್ದಳು. "ಈ ಪಿಚ್ಚರ್ ತೆಗೆಯೋರ್ಗೆ ಬೇರೆ ಯಾರೂ ಸಿಕ್ಕಕ್ಕಿಲ್ವಾ?" ಎಂದು ಬೈದುಕೊಂಡು ಮನೆಗೆ ಬರುವಳು. ಎಷ್ಟೋ ತಿಂಗಳು ನಾವು ಯಾವ ಸಿನಿಮಾಕ್ಕೂ ಹೋಗಲಿಲ್ಲ. ಈ ನಡುವೆ ಒಂದು ದಿನ ಕಾವ್ಯ ಕೇಳುವುದನ್ನು ನಿಲ್ಲಿಸಿದಳು. ಮಗು ಮರೆಯುತ್ತಿದೆ ಎಂದು ಚಿಕ್ಕಪ್ಪನಿಗೆ ಸಮಾಧಾನವಾಯಿತು. ದೊಡ್ಡತ್ತೆ ಮಾತ್ರ ಅಮ್ಮನೊಡನೆ ಕೊತ್ತಂಬರಿ ಬಿಡಿಸುತ್ತಾ, "ಕೇಳೋದು ನಿಲ್ಸ್ಬುಟ್ಳು ಕಣೆ. ನಂಗ್ಯಾಕೋ ಎದೆ ಹೊಡ್ಕೋತದೆ," ಎಂದದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಆಗ ಬಂದದ್ದು ಆ ಕತ್ತೆಯ ಸಿನಿಮಾ. ಪೋಸ್ಟರಿನಲ್ಲಿ ಕನ್ನಡಕ ಹಾಕಿದ ಕತ್ತೆ, ಅದರ ಮೇಲೆ ಹಲ್ಲು ಕಿರಿಯುವ ಹುಡುಗ. ದೊಡ್ಡತ್ತೆ ಎಂದಿನಂತೆ ನೋಡಿಬಂದಳು. "ಮಕ್ಕಳ ಪಿಚ್ಚರು, ಎಲ್ರೂ ಹೋಗವ," ಎಂದಳು. ಭಾನುವಾರ ಚಿಕ್ಕಪ್ಪನೂ ಗ್ಯಾರೇಜಿಗೆ ಬೀಗ ಹಾಕಿ ಬಂದ. ಇಂಟರ್‌ವಲ್‌ವರೆಗೆ ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು. ಅಷ್ಟು ದಿನಗಳ ಮೇಲೆ ಚಿಕ್ಕಪ್ಪ ನಕ್ಕಿದ್ದನ್ನು ನಾನು ಕತ್ತಲಲ್ಲಿ ತಿರುಗಿ ತಿರುಗಿ ನೋಡಿದೆ. ಇಂಟರ್‌ವಲ್ ಆದ ಮೇಲೆ ಹುಡುಗನ ತಾಯಿ ಹಾಸಿಗೆ ಹಿಡಿದಳು. ಸಾಯುವುದನ್ನು ತೋರಿಸಲಿಲ್ಲ. ಮುಂದಿನ ದೃಶ್ಯದಲ್ಲಿ ಗೋಡೆಯ ಮೇಲೊಂದು ಫೋಟೋ, ಅದಕ್ಕೆ ಹೂವಿನ ಹಾರ. ಹುಡುಗ ಸ್ಟೂಲು ಹತ್ತಿ ಹಾರ ಸರಿಮಾಡುತ್ತಿದ್ದ. ಕಾವ್ಯ ಅಳಲಿಲ್ಲ. ಮುಂದಕ್ಕೆ ಬಾಗಿ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಇಡೀ ಸಾಲಿಗೆ ಕೇಳುವಂತೆ, "ದೊಡ್ಡತ್ತೆ, ನಾವೂ ಅಮ್ಮನ ಫೋಟೋಗೆ ಹೂವ ಹಾಕ್ಬೋದಾ?" ಎಂದಳು.

ಚಿಕ್ಕಪ್ಪ ಎದ್ದು ನಿಂತ. ಮಗುವನ್ನು ಬಾಚಿ ಎತ್ತಿಕೊಂಡು, ಜನರ ಮೊಣಕಾಲು ತುಳಿದುಕೊಂಡೇ ಹೊರಗೆ ಹೋದ. ನಾವು ಮನೆ ತಲುಪುವಷ್ಟರಲ್ಲಿ ಅವನು ನಡುಮನೆಯಲ್ಲಿ ಅಕ್ಕನಿಗಾಗಿ ಕಾಯುತ್ತಾ ನಿಂತಿದ್ದ. "ನೀನು ನೋಡ್ಕೊಂಡ್ ಬಂದಿದ್ದೆ ತಾನೆ?"

"ನೋಡಿದ್ದೆ ಕಣಪ್ಪ."

"ಮತ್ತೆ ಎಂಗೆ ಕರ್ಕೊಂಡೋದೆ? ಕಣ್ಣು ಎಲ್ಲಿಟ್ಟಿದ್ದೆ?"

ದೊಡ್ಡತ್ತೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು. ಅಪ್ಪ ನಡುವೆ ಬಂದ, ಅಮ್ಮ ಅತ್ತಳು. ಆ ತಿಂಗಳು ಮುಗಿಯುವುದರೊಳಗೆ ಚಿಕ್ಕಪ್ಪ ಮಗಳನ್ನು ಕರೆದುಕೊಂಡು ಚಾಮುಂಡಿ ಬೆಟ್ಟದ ತಪ್ಪಲಿನ ಕಡೆ ಮನೆ ಮಾಡಿದ. ಹಬ್ಬಕ್ಕೂ ಬರಲಿಲ್ಲ. ದಾರಿಯಲ್ಲಿ ಕಂಡರೆ ಅಪ್ಪನೊಡನೆ ನಿಂತು ಮಾತನಾಡುತ್ತಿದ್ದ, ಅಕ್ಕನನ್ನು ವಿಚಾರಿಸುತ್ತಿರಲಿಲ್ಲ. ದೊಡ್ಡತ್ತೆ ಮತ್ತೆ ಸಿನಿಮಾಕ್ಕೆ ಹೋಗಲಿಲ್ಲ. ಹೆಂಗಸರು ಬಂದು ಕೇಳಿದರೆ, "ನಂಗ್ ತಿಳಿಯಕ್ಕಿಲ್ಲ ಕಣ್ರಮ್ಮ" ಎಂದು ಒಳಗೆ ಹೋಗುವಳು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮನೆ ಮಾರಿದೆವು. ಈಗ ಅಲ್ಲಿ ಟೈಲ್ಸ್ ಅಂಗಡಿಯಿದೆ. ನಾವು ಮಲಗುತ್ತಿದ್ದ ಜಾಗದಲ್ಲಿ ಬಚ್ಚಲುಮನೆಯ ಮಾದರಿಗಳನ್ನು ನಿಲ್ಲಿಸಿದ್ದಾರೆ.

ಮದುವೆಯಾಗಿ ವರ್ಷಗಳಾದ ಮೇಲೆ, ದೊಡ್ಡತ್ತೆಗೆ ತಲೆ ಬಾಚುತ್ತಾ, ಅಂದು ಆ ದೃಶ್ಯ ಅವಳ ಕಣ್ತಪ್ಪಿದ್ದು ಹೇಗೆ ಎಂದು ಕೇಳಿದ್ದೆ. ಅವಳು ತಿರುಗಿ ನೋಡಲಿಲ್ಲ. "ತಪ್ಪಿರ್ಲಿಲ್ಲ ಕಣೆ. ಗೊತ್ತಿದ್ದೇ ಕರ್ಕೊಂಡೋದೆ. ನಿಮ್ಮ ಚಿಕ್ಕಪ್ಪಂಗೆ ಮಾತು ಕೊಟ್ಟಿದ್ನಲ್ಲ, ನನ್ ಬಾಯಲ್ಲಿ ಹೇಳಕ್ಕಾಗ್ಲಿಲ್ಲ. ಅಷ್ಟು ಮೆತ್ತಗೆ ಹೇಳೋ ಪಿಚ್ಚರ್ ಇನ್ನೊಂದು ಸಿಕ್ಕಕ್ಕಿಲ್ಲ ಅಂದ್ಕೊಂಡೆ." ಆಮೇಲೆ, "ಆ ಮಗೀಗೆ ಏಟು ಕೊಟ್ಬುಟ್ನೇನೋ," ಎಂದಳು. ಚಿಕ್ಕಪ್ಪ ತೀರಿಕೊಂಡಾಗ ಅವಳಿಗೆ ಎದ್ದು ಓಡಾಡುವ ಶಕ್ತಿ ಇರಲಿಲ್ಲ. ಅವನ ಹಿಂದೆಯೇ ಅವಳೂ ಕಣ್ಣು ಮುಚ್ಚಿದಳು.

ಕಳೆದ ವಾರ ಮಗನನ್ನು ನೋಡಲು ಕಾವ್ಯ ಬಂದಿದ್ದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು. ಆರು ವರ್ಷದವನಿಗೆ ಆಗುವ ಸಿನಿಮಾ ಹುಡುಕುತ್ತಾ ನಾನು ಟಿವಿಯ ಮುಂದೆ ರಿಮೋಟು ಒತ್ತುತ್ತಲೇ ಇದ್ದೆ. ಪ್ರತಿಯೊಂದರ ಮೂಲೆಯಲ್ಲೂ ವಯಸ್ಸಿನ ಅಂಕಿ ಬರೆದಿತ್ತು. ಒಂದರಲ್ಲೂ ನಂಬಿಕೆ ಬರುತ್ತಿರಲಿಲ್ಲ. "ಇದು ಬೇಡ, ಇದ್ರಲ್ಲಿ ಅಜ್ಜಿ ಸಾಯ್ತಾರೆ," ಎಂದು ಅವನಿಗೆ ಕೇಳಿಸದಂತೆ ಅಂದೆ.

ಕಾವ್ಯ ನಕ್ಕಳು. ನಗು ಅಲ್ಲೇ ನಿಂತಿತು. "ಅಕ್ಕ, ಅಮ್ಮ ಇಲ್ಲ ಅಂತ ನಂಗೆ ಗೊತ್ತಿತ್ತು. ಆ ಪಿಚ್ಚರ್‌ಗೆ ಹೋಗೋಕೆ ಎಷ್ಟೋ ಮುಂಚೆನೇ. ಪಕ್ಕದ್ಮನೆ ಹುಡುಗಿ ಹೇಳ್ಬುಟ್ಟಿದ್ಳು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಮ್ಮ ಅಂದ್ರೆ ಸಾಕು, ಅಪ್ಪನ ಮುಖ ಎಂಗೋ ಆಗೋದು. ಅದಕ್ಕೆ ಕೇಳೋದು ನಿಲ್ಸ್ದೆ. ಪಿಚ್ಚರ್‌ನಲ್ಲಿ ಆ ಹುಡುಗನ್ನ ನೋಡಿ ಖುಷಿಯಾಯ್ತು ಕಣಕ್ಕ. ಹಿಂಗೆಲ್ಲಾ ಎಲ್ರ ಮುಂದೆ ಹೂವ ಹಾಕ್ಬೋದು ಅಂತ ಅವತ್ತೇ ಗೊತ್ತಾಗಿದ್ದು. ಅಪ್ಪಂಗೆ ಹೇಳಕ್ಕೆ ಎಷ್ಟೋ ಸಲ ಬಾಯಿ ತೆಗ್ದೆ. ದೊಡ್ಡತ್ತೆ ಹೆಸರು ಬಂದ್ರೆ ಎದ್ದು ಹೋಗ್ಬುಡೋನು."

ದೊಡ್ಡತ್ತೆ ನನಗೆ ಹೇಳಿದ್ದನ್ನು ಅವಳಿಗೆ ಹೇಳಿದೆ. ಮಗ "ಹಾಕಮ್ಮ" ಎಂದು ರಾಗ ಎಳೆದ. ಕಾವ್ಯ ನನ್ನ ಕೈಯಿಂದ ರಿಮೋಟು ತೆಗೆದುಕೊಂಡು, ನಾನು ಬೇಡವೆಂದದ್ದನ್ನೇ ಹಾಕಿ, ಅವನ ಪಕ್ಕ ಹೋಗಿ ಕೂತಳು. "ಕೇಳಿದ್ರೆ ಹೇಳೋಣ ಬುಡಕ್ಕ," ಎಂದಳು. ನಾನೂ ಹೋಗಿ ಅವನ ಇನ್ನೊಂದು ಮಗ್ಗುಲಿಗೆ ಕೂತೆ. ಸಿನಿಮಾ ಶುರುವಾಯಿತು. ನಾವಿಬ್ಬರೂ ನೋಡುತ್ತಿದ್ದುದು ಅವನ ಮುಖವನ್ನು. ಇಷ್ಟು ವರ್ಷಗಳ ಮೇಲೆ ಕಾವ್ಯಳ ಬಾಯಿಂದ ಬಂದ "ನಂಗೆ ಗೊತ್ತಿತ್ತು" ಎಂಬ ಮಾತು ಯಾರನ್ನು ತಲುಪಬೇಕಿತ್ತೋ, ಆ ಅಕ್ಕ ತಮ್ಮ ಇಬ್ಬರೂ ಇರಲಿಲ್ಲ.