ಪಟ್ಟಿರಾಯರು

ಪ್ರತಿ ಶನಿವಾರ ಬಾಗಿಲು ತೆಗೆಯುವ ಹೊತ್ತಿಗೇ ಬಿಡಿಭಾಗಗಳ ಪಟ್ಟಿ ಹಿಡಿದು ಬಂದು ನಿಲ್ಲುವ ಪಟ್ಟಿರಾಯರನ್ನು ಕಂಡರೆ ಕಂಪ್ಯೂಟರ್ ಅಂಗಡಿಯವನಿಗೆ ಮೈಯೆಲ್ಲ ಉರಿಯುತ್ತದೆ. ಕಡಿಮೆ ಖರ್ಚಿನಲ್ಲಿ ಗೇಮ್ ಆಡುವ ಕಂಪ್ಯೂಟರ್ ಜೋಡಿಸಬೇಕಂತೆ. ಆರು ತಿಂಗಳಾದರೂ ಒಂದು ಸ್ಕ್ರೂ ಸಹ ಕೊಂಡಿಲ್ಲ. ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಮಾಡಿದರೆ ಪ್ರೊಸೆಸರ್ ಚಿಕ್ಕದು ಮಾಡುತ್ತಾರೆ, ಅದನ್ನು ಸರಿಪಡಿಸಿದರೆ ರ್‍ಯಾಮ್‌ಗೆ ಕತ್ತರಿ ಹಾಕುತ್ತಾರೆ, ಕ್ಯಾಬಿನೆಟ್ಟಿಗೆ ಬಣ್ಣದ ದೀಪ ಬೇಕೋ ಬೇಡವೋ ಎಂದು ಅರ್ಧ ಗಂಟೆ ತಲೆ ತಿಂದು, "ಮುಂದಿನ ವಾರ ಖಂಡಿತ" ಎಂದು ಹೊರಟುಬಿಡುತ್ತಾರೆ. ಈ ಶನಿವಾರ ಅಂಗಡಿಯವನು ಪಟ್ಟಿ ಕಿತ್ತುಕೊಂಡು, ಇಷ್ಟು ದಿನದಲ್ಲಿ ಬದಲಾಗದೇ ಉಳಿದ ಒಂದೇ ಸಾಲಿನ ಮೇಲೆ ಪೆನ್ನಿಟ್ಟ: ಕೈಲಿ ಹಿಡಿದು ಆಡುವ ಕಂಟ್ರೋಲರ್, ಎರಡು. "ಆಡೋರು ಒಬ್ಬರು, ಎರಡು ಕಂಟ್ರೋಲರ್ ಯಾಕ್ರೀ? ಒಂದು ಬಿಡಿ, ಒಳ್ಳೇ ಕಾರ್ಡೇ ಬರುತ್ತೆ." ರಾಯರು ಕೈ ಅಡ್ಡ ಇಟ್ಟರು. "ಅದೊಂದನ್ನ ಮುಟ್ಟಬೇಡಿ. ರಜೆಗೆ ಮಗಳು ಅವಳಮ್ಮನ ಮನೆಯಿಂದ ಬರ್ತಾಳೆ. ಆಡೋವಾಗ ಮಾತ್ರ ಅವಳು ನನ್ನ ಹತ್ತಿರ ಮಾತಾಡೋದು."