ಲೋಲೊ ಪುಸ್ತಕಕ್ಕೆ ಇಟ್ಟ ಕುಂಕುಮ

2023ರ ಆಯುಧಪೂಜೆ. ನಾನಾಗ ಸ್ಯಾನ್ ಡಿಯಾಗೋದ ರಾಂಚೊ ಬರ್ನಾರ್ಡೊದಲ್ಲಿ ಮಗಳ ಮನೆಯಲ್ಲಿದ್ದೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಈ ಸಂತೋಷ ಹೇಳದೆ ಇರಲಾರೆ.

ಮೊಮ್ಮಗಳು ಅನಘಾಗೆ ಹನ್ನೆರಡು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪಕ್ಕದ ಮನೆಯಲ್ಲಿ ಫಿಲಿಪೀನ್ಸಿನ ಹಿರಿಯರೊಬ್ಬರಿದ್ದರು. ಅವರ ಭಾಷೆಯಲ್ಲಿ ತಾತನಿಗೆ ಲೋಲೊ ಅನ್ನುತ್ತಾರಂತೆ. ಇವಳೂ ಹಾಗೇ ಕರೆಯುತ್ತಿದ್ದಳು. ಸ್ಕೂಲಿನಲ್ಲಿ ಇವಳು ಭಾಷಣ ಮಾಡಬೇಕೆಂದು ತಿಳಿದು, ತಮ್ಮ ದೇಶದ ದೊಡ್ಡ ನಾಯಕರೊಬ್ಬರ ಭಾಷಣಗಳ ಪುಸ್ತಕವನ್ನು ಓದಲು ಕೊಟ್ಟಿದ್ದರು. ತಿಳಿ ಬಣ್ಣದ ಬಟ್ಟೆ ಹೊದಿಸಿದ ರಟ್ಟು. ಲೋಲೊ ಅವರ ಅಪ್ಪ ಹಡಗಿನಲ್ಲಿ ಅಡುಗೆಯವರಾಗಿ ಈ ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ತಂದದ್ದು. ಪೆನ್ಸಿಲ್ ಗೆರೆಯೂ ಬೀಳಬಾರದು ಅಂತ ಹೇಳಿಯೇ ಕೊಟ್ಟಿದ್ದರಂತೆ. ನನಗದು ಗೊತ್ತಿರಲಿಲ್ಲ.

ಹಬ್ಬದ ಬೆಳಿಗ್ಗೆ ಮಗಳು, ಅಳಿಯ ಕಾರು ತೊಳೆಯುತ್ತಿದ್ದರು. ನಾನು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ದೇವರ ಮುಂದೆ ಜೋಡಿಸಿ, ಅರಿಶಿನ ಕುಂಕುಮ ನೀರಲ್ಲಿ ಕಲಸಿ ಒಂದೊಂದಕ್ಕೂ ಇಟ್ಟೆ. ಎಲ್ಲಕ್ಕಿಂತ ದಪ್ಪಗಿದ್ದ ಆ ಬಟ್ಟೆ ರಟ್ಟಿನದಕ್ಕೆ ದೊಡ್ಡದಾಗಿ ಇಟ್ಟೆ. ದಪ್ಪ ಪುಸ್ತಕದಲ್ಲಿ ವಿದ್ಯೆ ಜಾಸ್ತಿಯಲ್ಲವೇ.

ಅನಘಾ ಬಂದು ನೋಡಿ ಅದನ್ನು ಕೈಗೆತ್ತಿಕೊಂಡಳು. ಇನ್ನು ಲೋಲೊ ನನ್ನನ್ನು ನಂಬುವುದಿಲ್ಲ ಅಂದಳು. ಇಂಗ್ಲಿಷಿನಲ್ಲಿ ಅಂದರೂ ನನಗೆ ಅರ್ಥವಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅರಿಶಿನ ಇನ್ನಷ್ಟು ಹರಡಿತು. ಅಂಥದ್ದೇ ಇನ್ನೊಂದು ಸಿಗುತ್ತದಾ ಹುಡುಕುತ್ತೇನೆ, ಸದ್ಯಕ್ಕೆ ಹೇಳುವುದು ಬೇಡ ಅಂದಳು ಮಗಳು. ನಾನು ಒಪ್ಪಲಿಲ್ಲ. ಮೊಮ್ಮಗಳ ಕೈ ಹಿಡಿದು ಪಕ್ಕದ ಮನೆಗೆ ಹೊರಟೆ.

ಲೋಲೊ ಗಿಡಗಳಿಗೆ ನೀರು ಬಿಡುತ್ತಿದ್ದರು. ಪುಸ್ತಕ ನೋಡಿ, ಪೈಪು ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು ಕಲೆಯ ಮೇಲೆ ಬೆರಳಾಡಿಸಿದರು. ನಾನು ಕೈಮುಗಿದೆ.

"ಇದು ನಮ್ಮಜ್ಜಿ ಕೆಲಸ, ನಂದಲ್ಲ ಅಂತ ಹೇಳು ಪುಟ್ಟಿ," ಅಂದೆ.

ಯಾಕೆ ಇಟ್ಟಿರಿ ಅಂತ ಅವರು ಕೈಸನ್ನೆಯಲ್ಲೇ ಕೇಳಿದರು. ಪುಸ್ತಕ ನಮಗೆ ದೇವರ ಸಮಾನ, ಹಬ್ಬದ ದಿನ ಪೂಜೆ ಮಾಡುತ್ತೇವೆ ಅಂದೆ. ಅನಘಾ ಅದನ್ನು ಹೇಳುತ್ತಾ, ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಮಾಡಿ ತೋರಿಸಿದಳು. ಅವರು ಒಳಗೆ ಹೋದರು.

ಹೊರಗೆ ಬಂದಾಗ ಕೈಯಲ್ಲಿ ಅಂಥದ್ದೇ ಇನ್ನೊಂದು ಪುಸ್ತಕ, ಎರಡನೆಯ ಭಾಗ. ಅದನ್ನು ಅನಘಾಗೆ ಕೊಟ್ಟು ಏನೋ ಅಂದರು. ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ಇದಕ್ಕೂ ಇಡ್ಬೇಕಂತೆ. ಇಲ್ದಿದ್ರೆ ಇದು ಬೇಜಾರ್ ಮಾಡ್ಕೊಳತ್ತಂತೆ."

ಅಷ್ಟೂ ಕನ್ನಡದಲ್ಲಿ. ನಾನು ಅವಳನ್ನು ಅಲ್ಲೇ ಅಪ್ಪಿಕೊಂಡುಬಿಟ್ಟೆ. ಮನೆಯಿಂದ ಕುಂಕುಮದ ಬಟ್ಟಲು ತಂದು, ಹೆದರಿ ಹೆದರಿ ಎರಡನೆಯದಕ್ಕೆ ಸಾಸಿವೆಯಷ್ಟು ಇಟ್ಟರೆ ಲೋಲೊ ಒಪ್ಪಲಿಲ್ಲ, ಮೊದಲನೆಯದರಷ್ಟೇ ದೊಡ್ಡದು ಬೇಕೆಂದು ಹಟ ಹಿಡಿದರು.

ಸ್ಕೂಲಿನಲ್ಲಿ ಅವಳು ಭಾಷಣ ಮಾಡಿದ ದಿನ ಲೋಲೊ ನನ್ನ ಪಕ್ಕದಲ್ಲೇ ಕೂತಿದ್ದರು. ನನಗೆ ಒಂದು ಪದವೂ ತಿಳಿಯಲಿಲ್ಲ, ಬಹುಮಾನ ಬಂತಾ ಅಂತ ಕೇಳಲೂ ಇಲ್ಲ. ಮೊಮ್ಮಗಳನ್ನು ನೋಡುವುದು, ಲೋಲೊ ತೊಡೆಯ ಕಡೆ ನೋಡುವುದು, ಇದೇ ಆಯಿತು. ಎರಡು ಪುಸ್ತಕಗಳೂ ಅಲ್ಲಿದ್ದವು, ಕುಂಕುಮದ ಬದಿ ಎಲ್ಲರಿಗೂ ಕಾಣುವಂತೆ.